ಬಾಸರಿ ಮಾಸ್ತರರ ಮನೆ

ಸೊಲ್ಲಾಪುರದ ನಮ್ಮ ಪೇಟೆಯಲ್ಲಿ ಅಪ್ಪನ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ಟಾಂಗಾ ಹೊಡೆಯುವವರಿಂದ ಹಿಡಿದು ಅರಿವೆ ಅಂಗಡಿಯ ಸಾವಕಾರರವರೆಗೆ ಎಲ್ಲರ ಬಾಯಲ್ಲೂ ಅವನು ಬಾಸರಿ ಮಾಸ್ತರ. ಮರಾಠಿಯವರು ಕೊಳಲಿಗೆ ಬಾಸರಿ ಅನ್ನುತ್ತಾರೆ. ಆ ಊರಿನ ಕನ್ನಡದ ಮನೆಗಳಿಗೂ ಅದೇ ಮಾತು ರೂಢಿಯಾಗಿತ್ತು. ಆದರೆ ಬಾಸರಿ ಮಾಸ್ತರನ ಹತ್ತಿರ ಬಾಸರಿ ಕಲಿಯುತ್ತೇನೆಂದು ಬಂದವರನ್ನು ನಾನು ಕಾಣಲಿಲ್ಲ. ಎಲ್ಲರಿಗೂ ಬೇಕಾದದ್ದು ಪೇಟಿ. ಹಾರ್ಮೋನಿಯಮ್ಮಿಗೆ ನಾವು ಪೇಟಿ ಅನ್ನುತ್ತಿದ್ದೆವು. ಉಳ್ಳವರ ಮನೆಯ ಹೆಣ್ಣುಮಕ್ಕಳಿಗೆ ಪೇಟಿ ಬಾರಿಸುತ್ತ ನಾಲ್ಕು ಭಜನೆ, ಎರಡು ನಾಟಕದ ಪದ ಹಾಡಲು ಬಂದರೆ ಕನ್ಯೆ ನೋಡಲು ಬಂದವರ ಮುಂದೆ ಅದೊಂದು ಶೋಭೆ. ಆ ಶೋಭೆ ಕಲಿಸಲು ಅಪ್ಪ ಬೆಳಿಗ್ಗೆ ಗಿರಣಿಯ ಭೋಂಗಾ ಕೂಗುತ್ತಿದ್ದಂತೆ ಧೋತರ ಉಟ್ಟು, ಕರಿ ಟೊಪ್ಪಿಗೆ ಇಟ್ಟು, ಕೊಳಲಿನ ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಬಂದವನು ಕೈಕಾಲು ತೊಳೆದು, ಮಾತಿಲ್ಲದೆ ಊಟ ಮಾಡಿ, ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದ. ದಿನವಿಡೀ ಬೇರೆಯವರ ಮಕ್ಕಳ ಅಪಸ್ವರ ಕೇಳಿ ಬಂದ ಕಿವಿಗೆ ನಮ್ಮ ದನಿಯೂ ಭಾರವಾಗುತ್ತಿತ್ತು. ಅವ್ವ ತಾಟು ಎತ್ತುತ್ತ ನಗುನಗುತ್ತಲೇ ಅನ್ನುತ್ತಿದ್ದಳು:

“ಊರಿಗೆಲ್ಲ ಮಾಸ್ತರ, ಮನಿಗೆ ಮಾತ್ರ ಪಾವಣೇರ.”

ಪಾವಣೇರು ಅಂದರೆ ಅತಿಥಿಗಳು. ಅವ್ವನ ನಗುವಿನ ಹಿಂದೆ ಏನಿತ್ತೆಂದು ಆಗ ನನಗೆ ತಿಳಿಯುತ್ತಿರಲಿಲ್ಲ. ಅಪ್ಪ ಮನೆಯಲ್ಲಿ ಇರಬೇಕು ಎಂಬ ಆಸೆಯೊಂದೇ ತಿಳಿಯುತ್ತಿತ್ತು.

ನಮ್ಮದು ದೊಡ್ಡದೊಂದು ವಾಡೆಯ ಹಿಂಭಾಗದ ಎರಡು ಖೋಲಿ. ಹೊರಗಿನದರಲ್ಲಿ ಆಯಿಯ ಹಾಸಿಗೆ, ಅಪ್ಪನ ತಂಬೂರಿ, ಗೋಡೆಯ ಗೂಟಕ್ಕೆ ನೇತುಹಾಕಿದ ಕೊಳಲಿನ ಚೀಲ. ಆಯಿ ಅಂದರೆ ಅಪ್ಪನ ತಾಯಿ. ಒಳಗಿನದು ಅಡುಗೆಯ ಖೋಲಿ. ಒಲೆ, ನೀರಿನ ಹಂಡೆ, ಜೋಳದ ಡಬ್ಬಿ, ಮೂಲೆಯಲ್ಲಿ ನಾನು ಮತ್ತು ಅವ್ವ ಮಲಗುವ ಜಾಗ. ಆ ಖೋಲಿಯ ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಹಗಲು ಅದರಿಂದ ಹೊಗೆ ಹೋಗುತ್ತಿತ್ತು, ಬೆಳಗಿನ ಜಾವ ಅದರಿಂದ ಕೊಳಲಿನ ದನಿ ಇಳಿದು ಬರುತ್ತಿತ್ತು. ಯಾಕೆಂದರೆ ಅಪ್ಪ ತನ್ನ ರಿಯಾಜು ಮಾಡುತ್ತಿದ್ದದ್ದು ಆ ಮಾಳಿಗೆಯ ಮೇಲೆ, ನಸುಕಿನಲ್ಲಿ, ನೇಕಾರರ ಓಣಿಯ ಮಗ್ಗಗಳು ಇನ್ನೂ ಸದ್ದು ಶುರುಮಾಡದ ಹೊತ್ತಿನಲ್ಲಿ. ನಾನು ಕೌದಿಯೊಳಗೆ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದೆ. ಮೊದಲು ಬರೀ ಒಂದು ಸ್ವರ, ಬಹಳ ಹೊತ್ತು. ಆಮೇಲೆ ಅದರ ಪಕ್ಕದ್ದು. ಕತ್ತಲೆಯಲ್ಲಿ ಯಾರೋ ಗೋಡೆ ಹಿಡಿದು ಹೆಜ್ಜೆ ಇಟ್ಟ ಹಾಗೆ. ತೋಡಿ, ಗಂಧಾರ, ಷಡ್ಜ ಎಂಬ ಹೆಸರುಗಳು ನನಗೆ ಗೊತ್ತಿರಲಿಲ್ಲ. ಆದರೆ ಯಾವ ಹೆಜ್ಜೆಯ ಮುಂದೆ ಯಾವ ಹೆಜ್ಜೆ ಬೀಳುತ್ತದೆ ಎಂಬುದು ಮೈಗೆ ಗೊತ್ತಾಗಿಬಿಟ್ಟಿತ್ತು. ದಿನದಲ್ಲಿ ಅಪ್ಪ ನನ್ನವನಾಗಿದ್ದದ್ದು ಅಷ್ಟು ಹೊತ್ತು ಮಾತ್ರ, ಅದೂ ಅವನಿಗೆ ತಿಳಿಯದ ಹಾಗೆ.

ನಾವು ಮೂಲತಃ ಚಪಳಗಾಂವದವರು, ಒಕ್ಕಲುತನದ ಮನೆ. ಹೊಲವನ್ನು ಕಾಕಾ ನೋಡಿಕೊಳ್ಳುತ್ತಿದ್ದ. ಸುಗ್ಗಿಯಲ್ಲಿ ನಮ್ಮ ಪಾಲಿನ ಜೋಳ ಗಾಡಿಯ ಮೇಲೆ ಬರುತ್ತಿತ್ತು. ಅಪ್ಪನಿಗೆ ಮಾತ್ರ ಹುಡುಗನಾಗಿದ್ದಾಗಲೇ ಕೊಳಲಿನ ಹುಚ್ಚು ಹಿಡಿದು, ಅಕ್ಕಲಕೋಟೆಗೆ ಓಡಿಹೋಗಿ, ಸಂಸ್ಥಾನದ ನಗಾರಖಾನೆಯಲ್ಲಿ ಸನಾದಿ ನುಡಿಸುತ್ತಿದ್ದ ಒಬ್ಬ ಉಸ್ತಾದರ ಕಾಲು ಹಿಡಿದಿದ್ದ. ಅವರು ಅವನನ್ನು ಮಗನ ಹಾಗೆ ಇಟ್ಟುಕೊಂಡು ರಾಗದಾರಿ ಕಲಿಸಿದರು. ಮದುವೆಯಾದ ಮೇಲೂ ಅಪ್ಪ ಅಕ್ಕಲಕೋಟೆಯಲ್ಲೇ ನಿಂತ. ನನ್ನ ತೀರ ಎಳೆಯ ನೆನಪುಗಳು ಅಲ್ಲಿಯವೇ: ಇಳಿಜಾರಿನ ಓಣಿ, ಉಸ್ತಾದರ ಮನೆಯ ಮುಂದಿನ ಬೇವಿನ ಮರ, ನನ್ನ ಅಂಗೈಯಲ್ಲಿ ಅವರು ಇಡುತ್ತಿದ್ದ ಒಂದು ಉತ್ತತ್ತಿ. ಆ ಊರನ್ನು ಯಾಕೆ ಬಿಟ್ಟೆವೆಂದು ಆಯಿ ಆಮೇಲೆ ಹೇಳಿದಳು. ಒಬ್ಬ ಸರದಾರರ ವಾಡೆಯಲ್ಲಿ ಗಾಯನದ ಬೈಠಕ್ ಇತ್ತಂತೆ. ಅಪ್ಪ ಹಾಡುಗಾರರ ಸಾಲಿನಲ್ಲಿ ಜಮಖಾನೆಯ ಮೇಲೆ ಕೂಡಲು ಹೋದಾಗ ಅಲ್ಲಿಯ ದೊಡ್ಡಮನುಷ್ಯರೊಬ್ಬರು, ಇದು ದನ ಕಾಯುವವರ ವಾದ್ಯ, ಅಲ್ಲಿ ಬಾಗಿಲ ಹತ್ತಿರ ನಿಂತು ನುಡಿಸಲಿ ಅಂದರಂತೆ. ಅಪ್ಪ ನಿಂತೂ ನುಡಿಸಲಿಲ್ಲ, ಕೂತೂ ನುಡಿಸಲಿಲ್ಲ. ಮರುದಿನ ಉಸ್ತಾದರಿಗೆ ನಮಸ್ಕಾರ ಮಾಡಿ, ನಮ್ಮನ್ನೆಲ್ಲ ಕರೆದುಕೊಂಡು ಸೊಲ್ಲಾಪುರದ ಗಾಡಿ ಹತ್ತಿದ. ಊರಿಂದ ಊರಿಗೆ ಬಂದರೂ ಕೊಳಲಿನ ಹಣೆಬರಹ ಬದಲಾಗಲಿಲ್ಲ. ಇಲ್ಲಿ ಅವನನ್ನು ಕೂಡಿಸಿದರು, ಆದರೆ ಪೇಟಿಯ ಮುಂದೆ ಕೂಡಿಸಿದರು.

ಅಪ್ಪ ಪಾಠಕ್ಕೆ ಹೋಗುತ್ತಿದ್ದ ಮನೆಗಳಲ್ಲಿ ಅರಿವೆ ಅಂಗಡಿಯ ಸಾವಕಾರರ ಮನೆ ನಮಗೆ ಹತ್ತಿರದ್ದು. ಮುಂದೆ ಅಂಗಡಿ, ಅದರ ಹಿಂದೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಸಾವಕಾರರ ಮಗಳು ಕಮಲಾ ನನಗಿಂತ ಒಂದು ವರ್ಷ ಸಣ್ಣವಳು. ಅವ್ವನಿಗೆ ಮೈಯಲ್ಲಿ ನೆಟ್ಟಗಿಲ್ಲದ ಒಂದು ದಿನ ಅಪ್ಪ ನನ್ನನ್ನೂ ಜೊತೆಗೆ ಕರೆದೊಯ್ದ. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತು ನೋಡಿದೆ. ಕಮಲಾ ಪೇಟಿಯ ಮೇಲೆ ಬೆರಳು ತಪ್ಪಿದಾಗ ಅಪ್ಪ ಸಿಟ್ಟಾಗಲಿಲ್ಲ. ತಾನೇ ಅವಳ ಬೆರಳು ಹಿಡಿದು ಸರಿಯಾದ ಪಟ್ಟಿಯ ಮೇಲೆ ಇಟ್ಟ. ಅವಳು ಹೇಗೋ ಸರಿಗೆ ಬಂದಾಗ, ನಾನು ಮನೆಯಲ್ಲಿ ಎಂದೂ ಕೇಳದ ಒಂದು ದನಿಯಲ್ಲಿ, “ಭಲೇ, ನನ್ನವ್ವಾ, ಭಲೇ!” ಅಂದ. ಸಾವಕಾರರ ಹೆಂಡತಿ ನನಗೆ ಉಂಡಿ ಕೊಟ್ಟರು. ಅದನ್ನು ತಿನ್ನದೆ ಮುಷ್ಟಿಯಲ್ಲೇ ಹಿಡಿದುಕೊಂಡೆ. ಮನೆಗೆ ಬರುವಾಗ ದಾರಿಯಲ್ಲಿ ಕೇಳಿಯೇಬಿಟ್ಟೆ.

“ಅಪ್ಪಾ, ನನಗೂ ಕಲಸತೀ ಏನು?”

ಅಪ್ಪ ನಡಿಗೆ ನಿಲ್ಲಿಸಲಿಲ್ಲ.

“ಹೊತ್ತು ಮುಳಗೂತನಕ ಊರ ಹೊಲದಾಗ ದುಡದು ಬರತೀನಿ ನೀಲೂ. ಮನ್ಯಾಗ ಮತ್ತ ಕೂರಿಗಿ ಹೂಡಬ್ಯಾಡವ್ವ.”

ಅವನು ಸಿಟ್ಟಿನಿಂದ ಹೇಳಿರಲಿಲ್ಲ, ದಣಿದು ಹೇಳಿದ್ದ. ಆದರೂ ಆ ಮೇಲೆ ಬಹಳ ದಿನ ನಾನು ಅವನನ್ನು ಏನೂ ಕೇಳಲಿಲ್ಲ. ನಸುಕಿನಲ್ಲಿ ಬೆಳಕಿಂಡಿಯ ಕೆಳಗೆ ಎಚ್ಚರವಾಗಿರುವುದನ್ನು ಮಾತ್ರ ಬಿಡಲಿಲ್ಲ.

ಒಂದು ಬೇಸಿಗೆಯಲ್ಲಿ ಊರಿಗೆ ಲಷ್ಕರ ಬಂತು. ಸ್ವರಾಜ್ಯದ ಚಳವಳಿಯ ದೊಡ್ಡವರನ್ನು ಸರಕಾರ ಹಿಡಿದು ಒಳಗೆ ಹಾಕಿತೆಂದು ಊರು ಸಿಟ್ಟಿಗೆದ್ದಿತ್ತು. ಕಲ್ಲು, ಬೆಂಕಿ, ಗುಂಡು ಎಲ್ಲ ಆಗಿಹೋದವು. ಡಂಗುರ ಹೊಡೆದರು: ಹೊತ್ತು ಮುಳುಗಿದ ಮೇಲೆ ಯಾರೂ ಹೊರಗೆ ಕಾಣಬಾರದು, ಮಾಳಿಗೆ ಹತ್ತಬಾರದು, ಗುಂಪು ಕೂಡಬಾರದು. ಬಿಳಿ ಟೊಪ್ಪಿಗೆಗಳು ಪೆಟ್ಟಿಗೆ ಸೇರಿದವು. ಗಿರಣಿಯ ಭೋಂಗಾ ನಿಂತಿತು, ಮಗ್ಗಗಳು ನಿಂತವು. ಆ ಊರಿನಲ್ಲಿ ಅಷ್ಟೊಂದು ಮೌನವನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಪಾಠ ಹೇಳಿಸಿಕೊಳ್ಳುವವರು ಬಾಗಿಲು ತೆರೆಯುತ್ತಿರಲಿಲ್ಲವಾದ್ದರಿಂದ ಅಪ್ಪ ಮನೆಯಲ್ಲೇ ಉಳಿದ. ಆಯಿ ದಿನವಿಡೀ ಶಿವಶಿವಾ ಅನ್ನುತ್ತಿದ್ದಳು, ಅವ್ವ ಬಾಗಿಲ ಅಗುಳಿ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ಊರೆಲ್ಲ ಹೆದರಿ ಕೂತಾಗ ನನಗೆ ಮಾತ್ರ ಒಳಗೊಳಗೇ ಹಬ್ಬವಾಗಿತ್ತು. ಅಪ್ಪ ಮಧ್ಯಾಹ್ನವೂ ಕಾಣಿಸುತ್ತಿದ್ದ, ನಮ್ಮ ಜೊತೆ ಕೂತು ಬಿಸಿ ರೊಟ್ಟಿ, ಶೇಂಗಾ ಚಟ್ನಿ ಉಣ್ಣುತ್ತಿದ್ದ, ಮೆಣಸಿನಕಾಯಿಗೆ ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದ. ಆದರೆ ಮಾಳಿಗೆ ಹತ್ತುವ ಹಾಗಿರಲಿಲ್ಲ. ಕೊಳಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬರೀ ಬೆರಳಾಡಿಸುತ್ತಿದ್ದ. ಸದ್ದಾದರೆ ಯಾರಾದರೂ ಬಾಗಿಲು ಬಡಿದಾರು ಎಂಬ ಹೆದರಿಕೆ.

ಅಂಥದೊಂದು ಮಧ್ಯಾಹ್ನ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಅವ್ವ ಒಲೆಯ ಮುಂದಿದ್ದಳು. ಎಷ್ಟು ದಿನದಿಂದಲೋ ನಸುಕಿನ ಆ ದನಿ ಕೇಳದೆ ನನ್ನ ಕಿವಿ ಹಸಿದಿತ್ತೆಂದು ಕಾಣುತ್ತದೆ. ನನಗೇ ಅರಿವಿಲ್ಲದೆ ಗುನುಗತೊಡಗಿದ್ದೆ. ಹೊರಗಿನ ಖೋಲಿಯಿಂದ ಅಪ್ಪ ಬಂದು ಬಾಗಿಲಲ್ಲಿ ನಿಂತದ್ದು ನೋಡಿ ಬಾಯಿ ಮುಚ್ಚಿದೆ.

“ನಿಂದರಸಬ್ಯಾಡ,” ಅಂದ. “ಮುಂದ?”

ಹೆದರುತ್ತ ಮುಂದಿನದನ್ನು ಗುನುಗಿದೆ. ಅವನು ಹೊಸ್ತಿಲ ಮೇಲೆ ಕೂತ.

“ಇದು ಮುಂಜಾನಿ ರಾಗ. ಮಧ್ಯಾಹ್ನದಾಗ ಯಾಕ ಹಾಡಾಕತ್ತೀ?”

“ನೀ ಮುಂಜಾನಿ ನುಡಸಾಂಗಿಲ್ಲಲ್ಲ ಈಗ.”

“ಯಾರ ಕಲಿಸ್ಯಾರ ನಿನಗ?”

ನಾನು ಹಿಟ್ಟಿನ ಕೈಯಿಂದ ಮೇಲೆ ಬೆಳಕಿಂಡಿಯ ಕಡೆಗೆ ತೋರಿಸಿದೆ. ಅಪ್ಪ ತಲೆ ಎತ್ತಿ ಅದನ್ನು ನೋಡಿದ. ಆಮೇಲೆ ಮೆತ್ತಗೆ, “ಆ ಗಂಧಾರ ಇನ್ನಾ ಒಂದೀಟು ಕೆಳಗ ಇಳೀಬೇಕು. ಪೇಟಿಯೊಳಗ ಆ ಗಂಧಾರ ಇಲ್ಲ ನೋಡು. ಪೇಟಿ ಕಲಿತವರ ಕಿವಿಗೆ ಅದು ಸಿಗಾಂಗಿಲ್ಲ. ನಿನಗ ಸಿಗಾಕತ್ತದ,” ಅಂದ. ಎದ್ದುಹೋಗಿ ಗೂಟದಿಂದ ಚೀಲ ಇಳಿಸಿಕೊಂಡು ಬಂದು ತನ್ನ ಕೊಳಲನ್ನು ನನ್ನ ಕೈಯಲ್ಲಿಟ್ಟ. ನನ್ನ ಬೆರಳಿಗೆ ರಂಧ್ರಗಳು ಎಟಕಲಿಲ್ಲ. ಊದಿದರೆ ಬರೀ ಗಾಳಿ. ಆಯಿಗೆ ಆ ಗಾಳಿಯೇ ಸಾಕಾಯಿತು.

“ಏ ಮಲ್ಲ್ಯಾ, ಬುದ್ಧಿ ಅದನ ಇಲ್ಲ ನಿನಗ? ಪೇಟಿ ಕಲಸು, ಬ್ಯಾಡ ಅನ್ನಾಂಗಿಲ್ಲ. ಹೆಣ್ಣುಹುಡುಗಿ ತುಟಿಗೆ ಕೊಳಲ ಹಚ್ಚಿ ಊದೂದಂದರ ಏನು? ನಾಳಿ ಇಕಿನ್ನ ಯಾರ ಮಾಡ್ಕೋತಾರ?”

ಅಪ್ಪ ತಾಯಿಗೆ ಎದುರಾಡಿದವನಲ್ಲ. ಹೊಲ ಬಿಟ್ಟು ಬಂದ ಮಗ ಎಂಬ ಅಳುಕು ಅವನಿಗೆ ಕಡೆತನಕ ಇತ್ತು. ನನ್ನ ಕೈಯಿಂದ ಕೊಳಲು ತೆಗೆದುಕೊಂಡು ಚೀಲಕ್ಕೆ ಹಾಕತೊಡಗಿದ. ಆಗ ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಹೊಗೆಗೆ ಕಣ್ಣು ಕೆಂಪಾಗಿದ್ದವು. ಕೈಯಲ್ಲಿ ಒಲೆ ಊದುವ ಊದುಗೊಳವೆ ಇತ್ತು. ಅತ್ತೆಯ ಮುಂದೆ ಅವಳು ನಿಂತು ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದೆ.

“ಅತ್ತಿ, ನಾ ಈ ಮನಿಗೆ ಬಂದಾಗಿಂದ ಎರಡೂ ಹೊತ್ತು ಇದನ್ನ ಊದಾಕತ್ತೀನ್ರಿ. ಆವಾಗ ನನ್ನ ತುಟಿ ಯಾರೂ ನೋಡಲಿಲ್ಲ. ಹೊಗಿ ಕುಡಿಯೂ ಬಾಯಾಗ ಒಂದು ಸ್ವರ ಬಂದರ ಏನ ಕೆಡತದ್ರಿ?”

ಆಯಿ ಸೆರಗು ಎಳೆದುಕೊಂಡಳು. ಗೋಡೆಯ ಕಡೆ ಹೊರಳಿ ಮಲಗಿ, “ಹೊರಗ ಕೇಳಬಾರದು ನೋಡ್ರಿ ಮತ್ತ,” ಅಂದಳು. ಅದೇ ಅವಳ ಒಪ್ಪಿಗೆ.

ನನಗೊಂದು ಸಣ್ಣ ಕೊಳಲು ಬೇಕಾಯಿತು. ಅಪ್ಪನ ಹತ್ತಿರ ಒಣಗಿಸಿಟ್ಟ ಬಿದಿರಿನ ತುಂಡುಗಳಿದ್ದವು. ಅವ್ವನ ಒಲೆಯಲ್ಲೇ ಕಬ್ಬಿಣದ ಸಲಾಕೆ ಕೆಂಪಗೆ ಕಾಯಿಸಿ ಒಂದೊಂದೇ ರಂಧ್ರ ಸುಟ್ಟ. ಸುಟ್ಟ ಬಿದಿರಿನ ವಾಸನೆ, ಬೇಯುತ್ತಿದ್ದ ಬೇಳೆಯ ವಾಸನೆ ಎರಡೂ ಒಂದಾಗಿ ಖೋಲಿಯಲ್ಲಿ ತುಂಬಿದವು. ಇವತ್ತಿಗೂ ಎಲ್ಲಾದರೂ ಬಿದಿರು ಸುಟ್ಟರೆ ನನಗೆ ಹಸಿವಾಗುತ್ತದೆ. ಕುಸುಬಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಒಳಗೆ ಎಳೆದು ಒರೆಸಿ, ಎರಡು ದಿನ ನೆರಳಲ್ಲಿ ಇಟ್ಟು ಕೊಟ್ಟ. ಹೊರಗೆ ಓಣಿಯಲ್ಲಿ ಬೂಟಿನ ಸದ್ದು ತಿರುಗುತ್ತಿದ್ದರೆ, ಒಳಗೆ ಕಿಟಕಿಗೆ ಕೌದಿ ಕಟ್ಟಿ, ಅಪ್ಪ ಪಿಸುಮಾತಿನಲ್ಲಿ ಸ್ವರ ಹೇಳುತ್ತಿದ್ದ, ನಾನು ಪಿಸುಮಾತಿನಷ್ಟೇ ಸಣ್ಣಗೆ ಊದುತ್ತಿದ್ದೆ. ಸಣ್ಣ ದನಿಯಲ್ಲಿ ಸ್ವರ ನಿಲ್ಲಿಸುವುದು ಬಹಳ ಕಷ್ಟ. ನನ್ನ ಕೊಳಲಿನಲ್ಲಿ ಏನಾದರೂ ಮೃದುವಾದದ್ದು ಇದ್ದರೆ ಅದು ಆ ಹೆದರಿಕೆಯ ದಿನಗಳು ಕಲಿಸಿದ್ದು. ಒಂದು ಸಂಜೆ, ಮಠಕ್ಕೆ ಹೋಗಲಾಗದೆ ಚಡಪಡಿಸುತ್ತಿದ್ದ ಆಯಿ ಹಾಸಿಗೆಯಿಂದಲೇ ಗೊಣಗಿದಳು:

“ಬರೇ ಸಾ ರೀ ಸಾ ರೀ ಅಂತ ಊದಿದರ ಏನ ಬಂತು? ಒಂದು ವಚನ ನುಡಸಾಕ ಬರತದೇನ ಕೇಳು ಇಕಿಗೆ.”

ಬಂದಷ್ಟು ನುಡಿಸಿದೆ. ತಪ್ಪಿದೆ. ಆಯಿ ತಪ್ಪಿದ ಕಡೆ ತಾನೇ ಹಾಡಿ ದಾರಿ ತೋರಿಸಿದಳು. ಅವ್ವ ಒಲೆ ಬಿಟ್ಟು ಬಂದು ಬಾಗಿಲಿಗೆ ಒರಗಿದಳು. ನಾವು ನಾಲ್ವರೂ ಒಂದೇ ಖೋಲಿಯಲ್ಲಿ ಒಂದೇ ಹಾಡಿನೊಳಗೆ ಕೂತ ಆ ಸಂಜೆಯಂಥದು ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ. ಯಾರಾದರೂ ನನ್ನನ್ನು, ಯಾವುದಾದರೂ ಒಂದು ದಿನಕ್ಕೆ ವಾಪಸು ಹೋಗುವುದಾದರೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರೆ, ಬಾಗಿಲು ಹಾಕಿದ ಆ ಖೋಲಿಗೆ ಅನ್ನುತ್ತೇನೆ.

ಊರು ಮತ್ತೆ ತೆರೆಯಿತು. ಭೋಂಗಾ ಕೂಗಿತು, ಮಗ್ಗ ಸದ್ದು ಮಾಡಿದವು, ಅಪ್ಪ ಚೀಲ ಸಿಕ್ಕಿಸಿಕೊಂಡು ಹೊರಟ. ಆದರೆ ಈಗ ನಸುಕಿನಲ್ಲಿ ಮಾಳಿಗೆಯ ಮೇಲೆ ಇಬ್ಬರು ಕೂಡುತ್ತಿದ್ದೆವು. ಎರಡು ವರ್ಷ ಕಳೆದ ಮೇಲೆ ಅಪ್ಪ ನನ್ನನ್ನು ಅಕ್ಕಲಕೋಟೆಗೆ ಕರೆದೊಯ್ದ. ಸ್ಟೇಷನ್ನಿನಿಂದ ಊರಿಗೆ ಟಾಂಗಾದಲ್ಲಿ ಹೋಗುವ ದಾರಿಯುದ್ದಕ್ಕೂ ಅವನು ಬಾಯಿ ತೆರೆಯಲಿಲ್ಲ. ಉಸ್ತಾದರು ಬೇವಿನ ಮರದ ಕೆಳಗೆ ಹಗ್ಗದ ಮಂಚದ ಮೇಲೆ ಕೂತಿದ್ದರು. ಕಣ್ಣು ಮಂಜಾಗಿದ್ದವು. ಅಪ್ಪ ಅವರ ಪಾದ ಮುಟ್ಟಿ, ಇಕಿ ನನ್ನ ಮಗಳು, ಸ್ವಲ್ಪ ಕೇಳಬೇಕು ಅಂದ. ನಾನು ನುಡಿಸಿದೆ. ಅವರು ತಲೆ ಬಗ್ಗಿಸಿಕೊಂಡು ಕೇಳಿದರು. ಮುಗಿದ ಮೇಲೆ ಅಪ್ಪನ ಕಡೆಗೆ ಮುಖ ಮಾಡಿದರು.

“ಮಲ್ಲೂ ಬೇಟಾ, ನೀ ಉಸಿರು ಹಿಡದು ನುಡಸ್ತಿದ್ದಿ. ಯಾರ ಜೋಡೀನೋ ಜಗಳಾ ಆಡಿದಂಗ. ಈ ಪೋರಿ ಉಸಿರು ಬಿಟ್ಟು ನುಡಸ್ತಾಳ.”

ಅಪ್ಪ ಎದ್ದು ಹೋಗಿ ಮರದ ಆಚೆ ನಿಂತುಕೊಂಡ. ಬಂದಾಗ ಮುಖ ತೊಳೆದುಕೊಂಡಿದ್ದ. ಬರುವಾಗ ಗಾಡಿಯಲ್ಲಿ ನನ್ನನ್ನು ಕಿಟಕಿಯ ಪಕ್ಕ ಕೂಡಿಸಿ, ಜೋಳದ ಹೊಲಗಳನ್ನು ತೋರಿಸುತ್ತ, ಇದು ಮಾಲದಂಡಿ, ಇದು ಇನ್ನೂ ತೆನೆ ಹಾಯಬೇಕು ಎಂದು ಒಕ್ಕಲಿಗನ ಹಾಗೆ ಮಾತಾಡಿದ. ಅಷ್ಟೊಂದು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

ಅದೇ ಚಳಿಗಾಲದಲ್ಲಿ ಅಪ್ಪನ ಹಲ್ಲು ಸಡಿಲಾಗತೊಡಗಿದವು. ಮೊದಲು ಲವಂಗ ಕಚ್ಚಿಕೊಂಡು ದಿನ ನೂಕಿದ. ಮುಂದಿನ ಎರಡು ಹಲ್ಲು ಬಿದ್ದ ಮೇಲೆ ಗಾಳಿ ನೆಟ್ಟಗೆ ನಿಲ್ಲದಾಯಿತು. ಸ್ವರದ ಜೊತೆಗೆ ಒಂದು ಸಿಳ್ಳು ಸೇರಿಕೊಳ್ಳುತ್ತಿತ್ತು. ಮಾಳಿಗೆಯ ಮೇಲೆ ಅವನು ತುಟಿಯನ್ನು ಹೀಗೆ ಹಿಡಿದು ನೋಡಿದ, ಹಾಗೆ ಹಿಡಿದು ನೋಡಿದ. ಒಂದು ನಸುಕು ಕೊಳಲನ್ನು ಒರೆಸಿ ಚೀಲಕ್ಕೆ ಹಾಕಿ, “ನೀ ನುಡಸು, ನಾ ಹಾಡತೀನಿ,” ಅಂದ. ಆಮೇಲೆ ಅವನು ನುಡಿಸಿದ್ದನ್ನು ನಾವು ಯಾರೂ ಕೇಳಲಿಲ್ಲ. ಊರಿಗೆ ಇದು ಗೊತ್ತಾಗಲೇ ಇಲ್ಲ. ಪೇಟಿ ಕಲಿಸಲು ಹಲ್ಲು ಯಾಕೆ ಬೇಕು? ಬಾಸರಿ ಮಾಸ್ತರ ಎಂಬ ಹೆಸರು ಹಾಗೇ ಉಳಿಯಿತು.

ನನಗೆ ಹದಿನೈದು ತುಂಬುವ ಹೊತ್ತಿಗೆ ಸಾವಕಾರರ ಮನೆಯಿಂದಲೇ ಕೇಳಿಕೊಂಡು ಬಂದರು. ಅವರ ದೊಡ್ಡ ಮಗನ ಹೆಂಡತಿ ಬಾಣಂತಿತನದಲ್ಲಿ ತೀರಿಕೊಂಡಿದ್ದಳು, ಕೂಸೂ ಉಳಿದಿರಲಿಲ್ಲ. ಬಿಜವರ ಎಂದು ಅವ್ವ ಮೊದಲು ಹಿಂಜರಿದಳು. ಅಪ್ಪ, “ಆ ಮನ್ಯಾಗ ಏಳು ವರ್ಷ ಕುಂತೆದ್ದೀನಿ. ಒಬ್ಬರೂ ಒಬ್ಬರ ಮ್ಯಾಲ ದನಿ ಏರಿಸಿದ್ದು ಕೇಳಿಲ್ಲ,” ಅಂದ. ನನ್ನನ್ನು ಕೇಳಿದರೆ ನಾನು ಏನು ಹೇಳುತ್ತಿದ್ದೆನೋ. ಆಗ ಯಾರೂ ಕೇಳುತ್ತಿರಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಸೀರೆ, ಕುಬಸ, ಅವ್ವನ ಬೆಳ್ಳಿಯ ಕುಂಕುಮದ ಭರಣಿ ಇದ್ದವು. ಕೊಳಲನ್ನು ಇಡಲು ಹೋದಾಗ ಆಯಿ ನನ್ನ ಕೈ ಹಿಡಿದಳು. ಈ ಸಲ ಬೈಯಲಿಲ್ಲ.

“ಮದಲ ಅವರ ಮನಿ ಸೊಸಿ ಆಗು ಮಗಾ. ಇದು ಎಲ್ಲಿ ಹೋಗತದ, ಇಲ್ಲೇ ಇರತದ.”

ಇಟ್ಟು ಬಂದೆ. ಮರುವರ್ಷ ಬಿಸಿಲಿಗೆ ಅದು ಉದ್ದಕ್ಕೂ ಸೀಳಿತಂತೆ.

ಮದುವೆಯ ನಂತರವೂ ಅಪ್ಪ ಕಮಲಾಳ ಪಾಠಕ್ಕೆ ಬರುತ್ತಿದ್ದ, ಮಂಗಳವಾರ ಮತ್ತು ಶನಿವಾರ, ಮಧ್ಯಾಹ್ನ ಇಳಿಯುವ ಹೊತ್ತಿಗೆ. ಅದೇ ಪಡಸಾಲೆ, ಅದೇ ಪೇಟಿ. ಆದರೆ ಒಂದು ಬದಲಾಗಿತ್ತು. ಮೊದಲೆಲ್ಲ ನನ್ನ ಅತ್ತೆಯವರು ಕೊಟ್ಟ ಚಹಾ ಕುಡಿದು, ಹುರಿದ ಶೇಂಗಾ ತಿಂದು ಹೋಗುತ್ತಿದ್ದವನು, ಈಗ ಅದು ಮಗಳ ಮನೆಯೆಂದು ಒಂದು ತಂಬಿಗೆ ನೀರನ್ನೂ ಮುಟ್ಟುತ್ತಿರಲಿಲ್ಲ. ಮೊಮ್ಮಗ ಹುಟ್ಟುವತನಕ ಮುಟ್ಟಬಾರದೆಂಬ ಹಳೆಯ ಪದ್ಧತಿ. ಸೊಲ್ಲಾಪುರದ ಬಿಸಿಲಲ್ಲಿ ನಡೆದು ಬಂದು, ಹಾಡಿ ತೋರಿಸಿ, ದನಿ ಒಡೆದು, ಮತ್ತೆ ಹಾಡುತ್ತಿದ್ದ. ನಾನು ಅಡುಗೆಮನೆಯಲ್ಲಿ ತುಂಬಿದ ಹಂಡೆಯ ಪಕ್ಕ ನಿಂತು ಕೇಳುತ್ತಿದ್ದೆ. ಹೊಸ ಸೊಸೆ ಪಡಸಾಲೆಗೆ ಬಂದು ಅಪ್ಪನ ಜೊತೆ ಕೂಡುವುದು ಚಂದವಲ್ಲ. ಹೋಗುವಾಗ ಅವನು ಅಡುಗೆಮನೆಯ ಬಾಗಿಲಿಗೆ ಬಂದು, “ಆರಾಮ ಅದೀಯಿಲ್ಲ?” ಅನ್ನುತ್ತಿದ್ದ. ನಾನು, “ಹೂಂ, ಆರಾಮ ಅದೀನಿ,” ಅನ್ನುತ್ತಿದ್ದೆ. ಅಷ್ಟೇ. ಆ ಎರಡು ಮಾತಿಗಾಗಿ ದಿನ ಎಣಿಸುತ್ತಿದ್ದೆ. ನನ್ನ ಗಂಡ ಮಾತು ಕಡಿಮೆಯ ಒಳ್ಳೆಯ ಮನುಷ್ಯರು. ಮಾವನವರು ಅಂಗಡಿಯ ಗಾದಿ ಬಿಟ್ಟು ಏಳುವವರಲ್ಲ. ಅತ್ತೆ ನನ್ನನ್ನು ಮಗಳ ಹಾಗೇ ನೋಡಿಕೊಂಡರು. ಕಮಲಾ ನನಗೆ ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದಳು. ಯಾವ ಕೊರತೆಯೂ ಇರಲಿಲ್ಲ. ಆದರೂ ನಸುಕಿನಲ್ಲಿ ಎಚ್ಚರವಾಗಿ, ಕಲ್ಲಿನ ಮಾಳಿಗೆಯ ಆ ಮನೆಯಲ್ಲಿ ಬರೀ ಕತ್ತಲೆಯನ್ನು ನೋಡುತ್ತ ಮಲಗಿರುತ್ತಿದ್ದೆ. ಬೆರಳುಗಳು ತಮ್ಮಷ್ಟಕ್ಕೆ ತಾವೇ ಕೌದಿಯ ಅಂಚಿನ ಮೇಲೆ ಆಡುತ್ತಿದ್ದವು.

ಅಪ್ಪನ ಪಾಠದಲ್ಲಿ ಒಂದು ಬದಲಾವಣೆಯನ್ನು ನಾನು ಬಹಳ ತಡವಾಗಿ ಗಮನಿಸಿದೆ. ಕಮಲಾಳಿಗೆ ಬೇಕಿದ್ದದ್ದು ನಾಲ್ಕು ಪದ. ಅವಳಿಗೆ ಅದರ ಮೇಲೆ ಆಸೆಯೂ ಇರಲಿಲ್ಲ. ಆದರೆ ಅಪ್ಪ ಪದ ಮುಗಿದ ಮೇಲೂ ಎದ್ದೇಳುತ್ತಿರಲಿಲ್ಲ. ಭೀಮಪಲಾಸ ರಾಗವನ್ನು ತೆಗೆದುಕೊಂಡು, ಪೇಟಿ ಮುಚ್ಚಿಸಿ, ಬರೀ ಬಾಯಲ್ಲಿ, ನಿಧಾನವಾಗಿ, ಒಂದು ಮಾತನ್ನು ಎರಡೆರಡು ಸಲ ಹೇಳುತ್ತ ಹಾಡುತ್ತಿದ್ದ. ಪಾಪ ಕಮಲಾ ಆಕಳಿಸುತ್ತ ಕೂತಿರುತ್ತಿದ್ದಳು. ನಾನು ಒಳಗೆ ರೊಟ್ಟಿಗೆ ಹಿಟ್ಟು ನಾದುವುದನ್ನೂ ಮರೆತು ಒಂದೊಂದನ್ನೂ ತುಂಬಿಕೊಳ್ಳುತ್ತಿದ್ದೆ.

ಕಮಲಾಳ ಮದುವೆ ಮಂಗಳವೇಢೆಯ ಕಡೆ ಗೊತ್ತಾಯಿತು. ಲಗ್ನ ಮುಗಿದು ಅವಳನ್ನು ಕಳಿಸಿದ ಮೇಲೆ ಬಂದ ಮಂಗಳವಾರ, ಯಾರೂ ನಿರೀಕ್ಷಿಸಿರದಿದ್ದರೂ ಅಪ್ಪ ಬಂದ. ರೂಢಿಯ ಕಾಲು ಅವನನ್ನು ಕರೆತಂದಿರಬೇಕು. ಪಡಸಾಲೆಯಲ್ಲಿ ಬಟ್ಟೆ ಮುಚ್ಚಿದ ಪೇಟಿಯ ಮುಂದೆ ಒಂದು ಗಳಿಗೆ ನಿಂತ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವನು ಇನ್ನು ಬರಲು ಈ ಮನೆಯಲ್ಲಿ ಕಾರಣ ಉಳಿದಿರಲಿಲ್ಲ. ಅದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅಂಗಡಿಯಿಂದ ಮಾವನವರು ಎದ್ದು ಬಂದರು. ಅಪ್ಪ ಕೈ ಮುಗಿದ.

“ಬರತೀನ್ರಿ ಬೀಗರ. ಕಮಲಾನ ಪಾಠ ಮುಗಿದಂಗಾತು. ಇಷ್ಟು ವರ್ಷ ನಿಮ್ಮ ಮನ್ಯಾಗ—”

ಮಾವನವರು ಅವನ ಮಾತನ್ನು ಮುಗಿಸಗೊಡಲಿಲ್ಲ.

“ಕೂಡ್ರಿ ಮಾಸ್ತರ. ಹೋಗೂ ಮುಂದ ಕಮಲಾ ನನಗ ಒಂದು ಮಾತು ಹೇಳಿ ಹೋಗ್ಯಾಳ. ‘ಅಪ್ಪಾ, ಮಾಸ್ತರು ಕಲಿಸಿದ್ದು ನನಗಲ್ಲ, ಅಡಿಗಿಮನ್ಯಾಗಿನ ವೈನಿಗೆ’ ಅಂದಳು. ನಂಗೂ ಕಿವಿ ಅದಾವ್ರಿ. ನೀವು ಬರೂದು ಬಿಡಬ್ಯಾಡ್ರಿ. ಮನ್ಯಾಗ ಇನ್ನೊಬ್ಬಾಕಿ ಮಗಳದಾಳ.”

ಅಪ್ಪ ಪೇಟಿಯ ಪಕ್ಕದಲ್ಲಿ ಕೂತ. ಮಾವನವರು ಆಗಲೇ ತಿರುಗಿ ಅಂಗಡಿಗೆ ನಡೆದಿದ್ದರು. ನನ್ನ ಹಿಂದೆ ನಿಂತಿದ್ದ ಅತ್ತೆ ನನ್ನ ಕೈಯಿಂದ ಹಿಟ್ಟಿನ ಪರಾತ ತೆಗೆದುಕೊಂಡು, “ಕೈ ತೊಳಕೊಂಡು ಹೋಗವಾ,” ಅಂದರು. ಹೋದೆ. ತಲೆಯ ಮೇಲೆ ಸೆರಗು ಹೊದ್ದುಕೊಂಡು ಅಪ್ಪನ ಎದುರಿಗೆ ಜಮಖಾನೆಯ ಮೇಲೆ ಕೂತೆ. ಅವನು ಕಂಕುಳಿನ ಚೀಲ ಬಿಚ್ಚಿದ. ಒಳಗೆ ಅವನ ದೊಡ್ಡ ಕೊಳಲು ಇತ್ತು, ಎಣ್ಣೆ ಹಚ್ಚಿ ಒರೆಸಿಟ್ಟದ್ದು. ನುಡಿಸಲು ಬರದಿದ್ದರೂ ಇಷ್ಟು ವರ್ಷ ಅದನ್ನು ಹೊತ್ತು ಮನೆಮನೆ ತಿರುಗುತ್ತಿದ್ದ.

“ನಿನ್ನ ಬೆರಳು ಈಗ ಮುಟ್ಟತಾವು,” ಅಂದ. “ತಗೋ.”

ಮುಟ್ಟಿದವು. ಮೊದಲು ಬರೀ ಗಾಳಿ ಬಂತು, ಮತ್ತೆ ಗಾಳಿ, ಆಮೇಲೆ ಷಡ್ಜ ಹತ್ತಿತು. ಅಪ್ಪ ಕಣ್ಣು ಮುಚ್ಚಿ, ಹಲ್ಲಿಲ್ಲದ ಬಾಯಿಂದ ಅದೇ ಸ್ವರ ಹಿಡಿದ. ಅಂಗಡಿಯಲ್ಲಿ ಗಿರಾಕಿಯೊಬ್ಬ ಸೀರೆಯ ಬಣ್ಣಕ್ಕೆ ಗದ್ದಲ ಹಾಕುತ್ತಿದ್ದ. ಸ್ವಲ್ಪ ಸಣ್ಣ ದನಿಯಲ್ಲಿ ಮಾತಾಡಿರೆಂದು, ಒಳಗೆ ಮಗಳ ಪಾಠ ನಡೆದಿದೆಯೆಂದು ಮಾವನವರು ಅವನಿಗೆ ಮರಾಠಿಯಲ್ಲಿ ಹೇಳುವುದು ಕೇಳಿಸಿತು.